ಹೆಬ್ಬೆಟ್ಟಿನಿಂದ ಸಹಿಗೆ... ಅಲ್ಲಿಗೇ ಮುಗಿಯಿತೇ?



ನಮ್ಮ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ಭಾಗದ ಶಾಲೆಗಳಿಗೆ ಈಚಿನ ವರ್ಷಗಳಲ್ಲಿ ಒಂದು ಕೆಲಸ ಹೆಚ್ಚಿಗೆ ಬಂದು ಸೇರಿಕೊಂಡಿದೆ. ಊರಿನಲ್ಲಿ 15 ವರ್ಷ ದಾಟಿದವರಲ್ಲಿ ಓದು ಬರಹ ಬಾರದವರು ಎಷ್ಟು ಮಂದಿ, ಯಾದಿ ಮಾಡಿರಿ. ಅವರ ಹೆಸರನ್ನು ಆ್ಯಪಿನಲ್ಲಿ ತುಂಬಿರಿ. ಅವರಿಗೆ ಕಲಿಸುವ ಸ್ವಯಂಸೇವಕರನ್ನು ಹುಡುಕಿರಿ. ಕೊನೆಗೆ ಪರೀಕ್ಷೆಗೆ ಕೂರಿಸಿರಿ. ಯೋಜನೆಯ ಹೆಸರು ನವ ಭಾರತ ಸಾಕ್ಷರತಾ ಕಾರ್ಯಕ್ರಮ, ಈಗ ಎಲ್ಲರ ಬಾಯಲ್ಲಿ 'ಉಲ್ಲಾಸ್'. ಕೆಲಸ ಒಳ್ಳೆಯದೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ದೊಡ್ಡವರಿಗೆ ಅಕ್ಷರ ಕಲಿಸುವುದೆಂದರೆ ಏನು, ಅದು ನಮ್ಮ ಗಡಿಭಾಗದಲ್ಲಿ ಎಲ್ಲಿ ತೊಡಕುತ್ತದೆ, ಅದನ್ನು ಹೇಗೆ ಬಿಡಿಸಬಹುದು ಎಂಬ ಮಾತು ಮಾತ್ರ ಯಾವ ಸಭೆಯಲ್ಲೂ ಬರುವುದಿಲ್ಲ. ಸಭೆಯಲ್ಲಿ ಬರುವುದು ಒಂದೇ ಪ್ರಶ್ನೆ: "ಎಷ್ಟು ಆಯ್ತು?" ಅದಕ್ಕಾಗಿಯೇ ಈ ಬರಹ.

ಹೊಸದೇನಲ್ಲ

ಮಹಾರಾಷ್ಟ್ರದ ಮಣ್ಣಿಗೆ ಈ ಕೆಲಸ ಹೊಸದಲ್ಲ. ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿ 1855ರಲ್ಲಿಯೇ ಪುಣೆಯಲ್ಲಿ ಕೂಲಿಕಾರರಿಗೆ, ರೈತರಿಗೆ ರಾತ್ರಿ ಶಾಲೆ ತೆರೆದರು. ಹಗಲು ದುಡಿಯುವವನು ರಾತ್ರಿಯೇ ಕಲಿಯಬೇಕು ಎಂಬ ಸರಳ ಸತ್ಯ ಅವರಿಗೆ ತಿಳಿದಿತ್ತು. 1959ರಲ್ಲಿ ನಮ್ಮ ನೆರೆಯ ಸಾತಾರಾ ಜಿಲ್ಲೆಯಲ್ಲಿ 'ಗ್ರಾಮ ಶಿಕ್ಷಣ ಮೋಹೀಮ್' ಶುರುವಾಯಿತು. ಊರಿಗೆ ಊರೇ ಸೇರಿ ಕಲಿಯುವುದು, ಕಲಿತು ಮುಗಿದ ಊರಿನಲ್ಲಿ ಹಬ್ಬದಂತೆ ಗ್ರಾಮ ಗೌರವ ಸಮಾರಂಭ ಮಾಡುವುದು ಅದರ ರೀತಿ. ಮುಂದೆ ಅದು ರಾಜ್ಯದ ಇತರ ಜಿಲ್ಲೆಗಳಿಗೂ ಹಬ್ಬಿತು.

ಆಮೇಲೆ 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ. 1988ರ ಮೇ 5ರಂದು ರಾಷ್ಟ್ರೀಯ ಸಾಕ್ಷರತಾ ಮಿಷನ್. 1990ರ ಫೆಬ್ರುವರಿಯಲ್ಲಿ ಕೇರಳದ ಎರ್ನಾಕುಲಂ ಸಂಪೂರ್ಣ ಸಾಕ್ಷರ ಜಿಲ್ಲೆ ಎನಿಸಿಕೊಂಡಿತು. 1991ರ ಏಪ್ರಿಲ್ 18ರಂದು ಕೋಳಿಕ್ಕೋಡಿನ ಮಾನಾಂಚಿರಾ ಮೈದಾನದಲ್ಲಿ ಇಡೀ ಕೇರಳ ಸಂಪೂರ್ಣ ಸಾಕ್ಷರವಾಯಿತೆಂದು ಘೋಷಿಸಲಾಯಿತು. ಘೋಷಣೆ ಮಾಡಿದವರು ಯಾರು? ಮಂತ್ರಿಯಲ್ಲ, ಅಧಿಕಾರಿಯಲ್ಲ. ಆಗಷ್ಟೇ ಅಕ್ಷರ ಕಲಿತಿದ್ದ ಮಲಪ್ಪುರಂ ಜಿಲ್ಲೆಯ ಚೇಲಕ್ಕೋಡನ್ ಆಯಿಷಾ! ಆ ಒಂದು ಆಯ್ಕೆಯಲ್ಲಿಯೇ ಆ ಚಳವಳಿಯ ಗುಣ ಕಾಣುತ್ತದೆ. ಅದು ಕಲಿತವರ ಹಬ್ಬವಾಗಿತ್ತು, ಕಲಿಸಿದವರ ಹಬ್ಬವಾಗಿರಲಿಲ್ಲ.

2009ರ ಸೆಪ್ಟೆಂಬರ್ 8ರಂದು ಸಾಕ್ಷರ ಭಾರತ ಬಂತು, 2018ರ ಮಾರ್ಚ್‌ಗೆ ಮುಗಿಯಿತು. ಅನಂತರ 2022ರಿಂದ 2027ರವರೆಗೆ ಎಂದು ರೂಪಿಸಿದ ಈ 'ಉಲ್ಲಾಸ್'. ಐದು ವರ್ಷಕ್ಕೆ ಗುರಿ 5 ಕೋಟಿ ಜನ, ಗೊತ್ತುಪಡಿಸಿದ ಹಣ 1037.90 ಕೋಟಿ ರೂಪಾಯಿ. ನಮ್ಮ ನಾಲ್ಕನೇ ಇಯತ್ತೆಯ ಮಕ್ಕಳಿಗೆ ಈ ಭಾಗಾಕಾರ ಕೊಟ್ಟರೆ ಮಾಡಿ ತೋರಿಸುತ್ತಾರೆ: ತಲೆಗೆ ಸುಮಾರು 207 ರೂಪಾಯಿ. ಅದರಲ್ಲಿಯೇ ಪುಸ್ತಕ, ತರಬೇತಿ, ಪರೀಕ್ಷೆ, ಪ್ರಚಾರ ಎಲ್ಲವೂ. ಒಂದು ಸಾಧಾರಣ ಓದುವ ಕನ್ನಡಕ, ಒಂದು ಪಾಟಿ, ಒಂದೆರಡು ನೋಟುಬುಕ್ಕು ಕೊಂಡರೆ ಮುಗಿದೇ ಹೋಗುವ ಹಣ. ಕಲಿಸುವವನಿಗೆ ಸಂಬಳವಿಲ್ಲ, ಸ್ವಯಂಸೇವೆ. ಇಷ್ಟು ಕಡಿಮೆ ಹಣದಲ್ಲಿ ಮಾಡಬೇಕಾದರೆ ಬುದ್ಧಿವಂತಿಕೆಯಿಂದಲೇ ಮಾಡಬೇಕು. ಬೇರೆ ದಾರಿಯಿಲ್ಲ.

ಸಾಕ್ಷರ ಎಂದರೆ ಯಾರು?

ಸಹಿ ಮಾಡಲು ಬಂದರೆ ಸಾಕ್ಷರ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಜನಗಣತಿಯ ಲೆಕ್ಕವೇ ಹಾಗೆ ಹೇಳುವುದಿಲ್ಲ. 7 ವರ್ಷ ದಾಟಿದವರು, ಯಾವುದಾದರೂ ಒಂದು ಭಾಷೆಯಲ್ಲಿ, ಅರ್ಥ ತಿಳಿದು ಓದಲೂ ಬರೆಯಲೂ ಬಲ್ಲವರಾದರೆ ಸಾಕ್ಷರರು. ಓದಲು ಬಂದು ಬರೆಯಲು ಬಾರದಿದ್ದರೆ ಸಾಕ್ಷರರಲ್ಲ. 'ಯಾವುದಾದರೂ ಒಂದು ಭಾಷೆ' ಎಂಬ ಮಾತನ್ನು ದಯವಿಟ್ಟು ನೆನಪಿಡಿ. ಮುಂದೆ ಅದು ಬೇಕಾಗುತ್ತದೆ.

ರಾಷ್ಟ್ರೀಯ ಸಾಕ್ಷರತಾ ಮಿಷನ್ ಇನ್ನೂ ಸ್ಪಷ್ಟವಾದ ಅಳತೆಗೋಲು ಇಟ್ಟಿತ್ತು. ಪರಿಚಿತ ವಿಷಯದ ಸರಳ ಬರಹವನ್ನು ನಿಮಿಷಕ್ಕೆ 30 ಪದಗಳಂತೆ ಗಟ್ಟಿಯಾಗಿ ಓದಬೇಕು, ನಿಮಿಷಕ್ಕೆ 7 ಪದಗಳಂತೆ ನೋಡಿ ಬರೆಯಬೇಕು, 100ರವರೆಗಿನ ಅಂಕಿ ಬರೆಯಬೇಕು, ಸರಳ ಲೆಕ್ಕ ಮಾಡಬೇಕು. ಮೂರು ಪ್ರವೇಶಿಕೆಗಳು, ಒಟ್ಟು ಸುಮಾರು 200 ತಾಸು ಕಲಿಕೆ. ಈಗಿನ ಯೋಜನೆಯ ಪರೀಕ್ಷೆ 150 ಅಂಕಗಳದ್ದು. ಓದಿಗೆ 50, ಬರಹಕ್ಕೆ 50, ಲೆಕ್ಕಕ್ಕೆ 50.

ಈ 200 ತಾಸು ಎಂಬುದನ್ನು ನಮ್ಮ ಊರಿನ ದಿನಚರಿಗೆ ಹಚ್ಚಿ ನೋಡಿ. ಹೊಲ, ದನ, ನೀರು, ಅಡುಗೆ ಮುಗಿಸಿ ಒಬ್ಬ ತಾಯಿ ವಾರಕ್ಕೆ ನಾಲ್ಕು ದಿನ, ದಿನಕ್ಕೆ ಒಂದು ತಾಸು ಬಂದಳು ಎಂದುಕೊಳ್ಳೋಣ. 200 ತಾಸಿಗೆ 50 ವಾರ ಬೇಕು. ಅಂದರೆ ಹಬ್ಬ, ಜಾತ್ರೆ, ಮದುವೆ, ಜ್ವರ ಯಾವುದೂ ಅಡ್ಡ ಬರದಿದ್ದರೆ ಪೂರ್ತಿ ಒಂದು ವರ್ಷ. ಹೀಗಿರುವಾಗ ಫೆಬ್ರುವರಿಯಲ್ಲಿ ಹೆಸರು ನೋಂದಾಯಿಸಿ ಮಾರ್ಚ್‌ನಲ್ಲಿ ಪರೀಕ್ಷೆ ಬರೆಸಿ 'ಸಾಕ್ಷರ' ಎಂದು ಪ್ರಮಾಣಪತ್ರ ಕೊಟ್ಟರೆ ಅದು ಯಾರ ಕಣ್ಣಿಗೆ ಮಣ್ಣೆರಚಿದಂತೆ? ಸರ್ಕಾರದ್ದಲ್ಲ, ಆ ತಾಯಿಯದೇ ಕಣ್ಣಿಗೆ. "ನೀ ಕಲ್ತೀ" ಎಂದು ಕಾಗದ ಕೊಟ್ಟು ಕಳಿಸಿದ ಮೇಲೆ ಅವಳಿಗೆ ಮತ್ತೆ ಕಲಿಸಲು ಯಾರೂ ಬರುವುದಿಲ್ಲ. ಯಾದಿಯಿಂದ ಹೆಸರು ಹೋಯಿತು, ಅಲ್ಲಿಗೆ ಮುಗಿಯಿತು.

ಅಕ್ಷರ ಯಾತಕ್ಕೆ ಬೇಕು?

"ಈ ವಯಸ್ಸಿನ್ಯಾಗ ಕಲ್ತು ಏನ್ ನೌಕರಿ ಮಾಡೂದೈತ್ರಿ?" ಎಂಬ ಮಾತನ್ನು ಕೇಳದ ಶಿಕ್ಷಕನಿಲ್ಲ. ಇದಕ್ಕೆ 'ಅಕ್ಷರವೇ ಬೆಳಕು' ಎಂದು ಗೋಡೆಬರಹದ ಉತ್ತರ ಕೊಟ್ಟರೆ ಅವರು ನಕ್ಕು ಎದ್ದು ಹೋಗುತ್ತಾರೆ. ಉತ್ತರ ಅವರ ಬದುಕಿನಲ್ಲಿಯೇ ಇದೆ, ನಾವು ತೋರಿಸಬೇಕು ಅಷ್ಟೆ.

ಜತ್ತ ತಾಲೂಕಿನಿಂದ ಪ್ರತಿ ವರ್ಷ ದೀಪಾವಳಿಯ ಹೊತ್ತಿಗೆ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಹೋಗುತ್ತವೆ. ಗಂಡ ಹೆಂಡತಿ ಸೇರಿ ಒಂದು 'ಕೊಯ್ತಾ'. ಹೊರಡುವ ಮೊದಲೇ ಮುಕಾದಮನಿಂದ 'ಉಚಲ', ಅಂದರೆ ಮುಂಗಡ ಹಣ. ಸೀಜನ್ ಪೂರ್ತಿ ಕಡಿದ ಕಬ್ಬಿನ ಟನ್ನು ಲೆಕ್ಕ, ಅದಕ್ಕೆ ಕೂಲಿ, ಅದರಲ್ಲಿ ಉಚಲದ ವಜಾ. ಈ ಎಲ್ಲ ಲೆಕ್ಕ ಯಾರ ವಹಿಯಲ್ಲಿದೆ? ಮುಕಾದಮನ ವಹಿಯಲ್ಲಿ. ಕೊನೆಗೆ "ಇನ್ನೂ ಇಷ್ಟು ಬಾಕಿ ಐತಿ, ಮುಂದಿನ ವರ್ಷಾನೂ ಬರಬೇಕು" ಎಂದರೆ ಇಲ್ಲ ಎನ್ನಲು ಇವರ ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಎಲ್ಲ ಮುಕಾದಮರೂ ಮೋಸಗಾರರು ಎಂದು ನಾನು ಹೇಳುವುದಿಲ್ಲ. ಆದರೆ ಲೆಕ್ಕ ಒಬ್ಬನ ಕೈಯಲ್ಲೇ ಇದ್ದಾಗ ಪ್ರಾಮಾಣಿಕತೆ ಅವನ ಮರ್ಜಿಯಾಗುತ್ತದೆ. ಕಡಿಯುವವಳ ಹತ್ತಿರವೂ ಒಂದು ಸಣ್ಣ ನೋಟುಬುಕ್ಕಿದ್ದು, ತಾರೀಖು ಮತ್ತು ಟನ್ನು ಅವಳೇ ಬರೆದುಕೊಳ್ಳುವಂತಾದರೆ ಆ ಮರ್ಜಿಗೊಂದು ಲಗಾಮು. ಇದಕ್ಕಿಂತ ದೊಡ್ಡ ನೌಕರಿ ಅಕ್ಷರಕ್ಕೆ ಯಾವುದು ಬೇಕು?

ಇನ್ನೊಂದು ಉದಾಹರಣೆ. 2024ರ ಜುಲೈಯಿಂದ ಲಾಡಕಿ ಬಹೀಣ ಯೋಜನೆಯ 1500 ರೂಪಾಯಿ ಬರತೊಡಗಿದ ಮೇಲೆ ನಮ್ಮ ಹೆಣ್ಣುಮಕ್ಕಳ ಬ್ಯಾಂಕ್ ಖಾತೆಗೆ ಜೀವ ಬಂತು. 2025ರಲ್ಲಿ ಇ-ಕೆವೈಸಿ ಮಾಡಿಸಬೇಕೆಂದಾಗ ಏನಾಯಿತು ನೋಡಿದ್ದೀರಿ. ಫೋನಿಗೆ ಬಂದ ಒಟಿಪಿಯ ಅಂಕಿಗಳನ್ನು ಓದಲು ಬಾರದೆ ಫೋನನ್ನೇ ಮತ್ತೊಬ್ಬರ ಕೈಗೆ ಕೊಟ್ಟು ನಿಂತವರು ಎಷ್ಟು ಮಂದಿ! ಒಟಿಪಿ ಯಾರಿಗೂ ಹೇಳಬೇಡಿ ಎಂದು ದಿನಾ ಜಾಹೀರಾತು ಬರುತ್ತದೆ. ಓದಲು ಬಾರದವಳು ಹೇಳದೆ ಏನು ಮಾಡಬೇಕು? ಅಕ್ಷರಸ್ಥನಿಗೆ ಅದು ಎಚ್ಚರಿಕೆಯ ಮಾತು, ಅನಕ್ಷರಸ್ಥೆಗೆ ಅದು ಅಣಕದ ಮಾತು.

2011ರ ಜನಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಗಂಡಸರ ಸಾಕ್ಷರತೆ ಶೇಕಡಾ 88ರಷ್ಟು, ಹೆಂಗಸರದ್ದು ಶೇಕಡಾ 76ರ ಹತ್ತಿರ. ಹಣ ಬರುವುದು ಹೆಂಗಸರ ಖಾತೆಗೆ, ಬಚತ್ ಗಟದ ವಹಿ ಇರುವುದು ಹೆಂಗಸರ ಹೆಸರಿಗೆ, ಅಕ್ಷರ ಮಾತ್ರ ಅವರಿಗೆ ಕಡಿಮೆ.

ಕಲಿಸುವಾಗ ಎದುರಾಗುವ ತೊಡಕು

ಚಿಕ್ಕ ಮಕ್ಕಳಿಗೆ ಕಲಿಸಿದಂತೆ ದೊಡ್ಡವರಿಗೆ ಕಲಿಸಲು ಬರುವುದಿಲ್ಲ ಎಂದು ಎಲ್ಲ ತರಬೇತಿಗಳಲ್ಲೂ ಹೇಳುತ್ತಾರೆ. ಹಾಗಾದರೆ ಹೇಗೆ ಕಲಿಸಬೇಕು ಎಂದು ಯಾರೂ ಹೇಳುವುದಿಲ್ಲ. ನನಗೆ ಕಂಡದ್ದನ್ನು ಹೇಳುತ್ತೇನೆ.

ಮೊದಲನೆಯದು ಕಣ್ಣು. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗುವುದು ಪ್ರಕೃತಿ ಧರ್ಮ. ದೂರದ ಎಮ್ಮೆ ಯಾರದ್ದೆಂದು ಹೇಳುವ ಅಜ್ಜಿಗೆ ಕೈಯಲ್ಲಿರುವ ಪುಸ್ತಕದ ಅಕ್ಷರ ಕಾಣುವುದಿಲ್ಲ. ಅವಳು ಮೊದಲು ಎಂದೂ ಓದಿದವಳಲ್ಲವಾದ್ದರಿಂದ ಕಣ್ಣು ಕೆಟ್ಟಿದೆ ಎಂಬುದೇ ಅವಳಿಗೆ ಗೊತ್ತಿರುವುದಿಲ್ಲ. "ನನ್ನ ತಲಿಗೆ ಹತ್ತೂದಿಲ್ರಿ" ಎಂದು ಬಿಟ್ಟುಬಿಡುತ್ತಾಳೆ. ಹತ್ತದಿರುವುದು ತಲೆಗಲ್ಲ, ಕಣ್ಣಿಗೆ! ಆದ್ದರಿಂದ ಸಾಕ್ಷರತಾ ವರ್ಗದ ಮೊದಲ ದಿನ ಪ್ರವೇಶಿಕೆ ಹಂಚುವುದಕ್ಕಿಂತ ಮೊದಲು ಆರೋಗ್ಯ ಕೇಂದ್ರದವರನ್ನು ಕರೆಸಿ ಕಣ್ಣು ನೋಡಿಸಬೇಕು. ಕನ್ನಡಕವಿಲ್ಲದೆ ಕನ್ನಡವಿಲ್ಲ ಎಂದು ನಾನು ತಮಾಷೆಗೆ ಹೇಳುವುದುಂಟು, ಆದರೆ ಅದು ತಮಾಷೆಯಲ್ಲ.

ಎರಡನೆಯದು ಒತ್ತಕ್ಷರ. ಮೊದಲು ಸ್ವರ, ಆಮೇಲೆ ವ್ಯಂಜನ, ಆಮೇಲೆ ಕಾಗುಣಿತ, ಎಲ್ಲಕ್ಕೂ ಕೊನೆಗೆ ಒತ್ತಕ್ಷರ ಎಂಬುದು ನಮ್ಮ ರೂಢಿ. ಈಗ ನಮ್ಮ ಮನೆಯ ಮಾತನ್ನು ಕೇಳಿ: ಅವ್ವ, ಅಪ್ಪ, ಅಕ್ಕ, ಅಜ್ಜ, ರೊಟ್ಟಿ, ಹಿಟ್ಟು, ಎತ್ತು, ಎಮ್ಮಿ, ಹಳ್ಳ, ಕಬ್ಬು, ರೊಕ್ಕ. ಊರ ಹೆಸರು ಜತ್ತ, ಅಕ್ಕಲಕೋಟ, ಸೊಲ್ಲಾಪುರ. ಎಲ್ಲದರಲ್ಲೂ ಒತ್ತು! ಕಲಿಯುವವಳಿಗೆ ದಿನಾ ಬೇಕಾದ ಒಂದೇ ಒಂದು ಶಬ್ದ ಬರೆಯಲು ಆರು ತಿಂಗಳು ಕಾಯಬೇಕೆಂದರೆ ಅವಳು ಕಾಯುತ್ತಾಳೆಯೇ? 'ರಸ', 'ಸರ', 'ಗರಗಸ' ಎಂದು ಓದಿಸುತ್ತೇವೆ. ಗರಗಸದಿಂದ ಅವಳಿಗೆ ಏನು ಕೆಲಸ? ಅಕ್ಷರದ ಕೆಳಗೆ ಅದರದೇ ಮರಿ ಕುಳಿತರೆ ಧ್ವನಿ ಗಟ್ಟಿಯಾಗುತ್ತದೆ ಎಂದು ಎರಡನೇ ವಾರದಲ್ಲಿಯೇ ತೋರಿಸಬಹುದು. ಅವ್ವ, ಅಕ್ಕ, ರೊಕ್ಕ ಬರೆದು ತೋರಿಸಿ ನೋಡಿ. ಸಜಾತಿ ಒತ್ತು ಮೊದಲು ಬರಲಿ, ವಿಜಾತಿ ಒತ್ತು ನಿಧಾನಕ್ಕೆ ಬರಲಿ. ಮಹಾಪ್ರಾಣಗಳು ಇನ್ನೂ ನಿಧಾನಕ್ಕೆ ಬಂದರೂ ಯಾರ ಪ್ರಾಣವೂ ಹೋಗುವುದಿಲ್ಲ!

ಮೂರನೆಯದು ಆಡುಮಾತು. ಪುಸ್ತಕದಲ್ಲಿ 'ಅವನು ಬರುತ್ತಾನೆ' ಎಂದಿದೆ. ನಮ್ಮವರು ಆಡುವುದು 'ಅಂವಾ ಬರ್ತಾನ'. ಮಗು ಪುಸ್ತಕದ ಮಾತನ್ನು ಹೊಸ ಮಾತೆಂದು ಕಲಿತುಕೊಳ್ಳುತ್ತದೆ. ನಲವತ್ತೈದು ವರ್ಷದ ಹೆಂಗಸು ಮಾತ್ರ "ನಾ ಆಡೂ ಮಾತ ತಪ್ಪೇನೋ" ಎಂದು ಹಿಂಜರಿಯುತ್ತಾಳೆ. ಓದುವವಳು 'ಬರುತ್ತಾನೆ' ಎಂಬುದನ್ನು ನೋಡಿ 'ಬರ್ತಾನ' ಎಂದು ಓದಿದರೆ ತಿದ್ದಲು ಹೋಗಬೇಡಿ. ಅವಳು ಅರ್ಥ ತಿಳಿದು ಓದಿದ್ದಾಳೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ನಾಲ್ಕನೆಯದು ಅಂಕಿ. ನಮ್ಮವರಿಗೆ ಲೆಕ್ಕ ಬಾರದು ಎಂದವರು ಸಂತೆಗೆ ಹೋಗಿಲ್ಲ. ತರಕಾರಿ ಮಾರುವ ಹೆಂಗಸು ಮೂರು ಪಾವು ಕಿಲೋದ ದರ ಬಾಯಲ್ಲೇ ಹೇಳಿ ಚಿಲ್ಲರೆ ಎಣಿಸಿ ಕೊಡುತ್ತಾಳೆ. ಅವಳಿಗೆ ಬಾರದ್ದು ಲೆಕ್ಕವಲ್ಲ, ಲೆಕ್ಕದ ಬರಹ. ಅಲ್ಲಿಯೂ ಗಡಿಭಾಗದ ಗೊಂದಲ ಬೇರೆ. ಕನ್ನಡ ಪುಸ್ತಕದಲ್ಲಿ ೫ ಎಂಬ ಆಕಾರ, ಮರಾಠಿ ಕಾಗದಪತ್ರದಲ್ಲಿ ದೇವನಾಗರಿಯ ಇನ್ನೊಂದು ಆಕಾರ, ಫೋನಿನಲ್ಲಿ ಮತ್ತು ನೋಟಿನ ಮೇಲೆ ಕಾಣುವುದು 5. ಒಂದೇ ಐದಕ್ಕೆ ಮೂರು ಮುಖ! ಇನ್ನು ಹೆಸರಿನ ಕಥೆ ಕೇಳಿ. ನಾವು ಕನ್ನಡದಲ್ಲಿ 'ಇಪ್ಪತ್ತೈದು' ಎನ್ನುತ್ತೇವೆ, ಬರೆಯುವುದೂ ಅದೇ ಕ್ರಮದಲ್ಲಿ, ಮೊದಲು ಎರಡು, ಆಮೇಲೆ ಐದು. ಮರಾಠಿಯಲ್ಲಿ 'ಪಂಚವೀಸ', ಐದು ಮೊದಲು, ಇಪ್ಪತ್ತು ಆಮೇಲೆ. 79 ನಮಗೆ ಎಪ್ಪತ್ತೊಂಬತ್ತು, ಅವರಿಗೆ 'ಏಕೋಣಐಂಶಿ', ಎಂಬತ್ತಕ್ಕೆ ಒಂದು ಕಡಿಮೆ. ಮರಾಠಿ ಮಕ್ಕಳಿಗೇ ಇದು ತೊಡಕೆಂದು 2019ರಲ್ಲಿ ಬಾಲಭಾರತಿಯು ಎರಡನೇ ಇಯತ್ತೆಯ ಗಣಿತ ಪುಸ್ತಕದಲ್ಲಿ 'ವೀಸ ಪಾಚ' ಎಂದು ಹೇಳುವ ಕ್ರಮ ತಂದಾಗ ರಾಜ್ಯವೆಲ್ಲ ಗದ್ದಲವಾದದ್ದು ನಿಮಗೆ ನೆನಪಿರಬಹುದು. ನಮ್ಮ ಕನ್ನಡದ ಎಣಿಕೆಗೆ ಆ ತೊಡಕಿಲ್ಲ. ಹೀಗಿರುವಾಗ ಕನ್ನಡ ಮನೆಮಾತಿನವರಿಗೆ ಮೊದಲ ಲೆಕ್ಕವನ್ನು ಕನ್ನಡದ ಹೆಸರಿನಲ್ಲಿ, ಫೋನಿನಲ್ಲಿ ಕಾಣುವ 1, 2, 3 ಅಂಕಿಯಲ್ಲಿ ಕಲಿಸುವುದೇ ಸರಿ. ಉಳಿದ ಎರಡು ಆಕಾರಗಳು ಆಮೇಲೆ ಬರಲಿ.

ಕನ್ನಡವೋ ಮರಾಠಿಯೋ?

ಇಲ್ಲಿಯೇ ಇರುವುದು ನಮ್ಮ ಮುಖ್ಯ ಪ್ರಶ್ನೆ. ಮನೆಯಲ್ಲಿ ಕನ್ನಡ ಆಡುವ ತಾಯಿಗೆ ಯಾವ ಲಿಪಿಯಲ್ಲಿ ಮೊದಲು ಕಲಿಸಬೇಕು?

"ಸಾತ್ ಬಾರಾ ಉತಾರಾ ಮರಾಠಿ, ರೇಶನ್ ಅಂಗಡಿ ಮರಾಠಿ, ಎಸ್‌ಟಿ ಬಸ್ಸಿನ ಪಾಟಿ ಮರಾಠಿ, ತಲಾಠಿ ಕಚೇರಿ ಮರಾಠಿ. ಕನ್ನಡ ಕಲಿತು ಇಲ್ಲಿ ಏನು ಓದಬೇಕು?" ಎಂದು ಕೇಳುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ನಾವು ಈ ರಾಜ್ಯದವರು, ಮರಾಠಿ ನಮ್ಮ ರಾಜ್ಯಭಾಷೆ, ಅದು ನಮಗೆ ಬೇಕೇ ಬೇಕು. ಮರಾಠಿಯನ್ನು ದೂರ ಇಟ್ಟು ಗಡಿನಾಡ ಕನ್ನಡಿಗ ಬದುಕಲಾರ.

ಆದರೂ ನನ್ನ ಅಭಿಪ್ರಾಯ ಕನ್ನಡ ಮೊದಲು ಎಂಬುದು. ಇದು ಭಾಷಾಭಿಮಾನದ ಮಾತಲ್ಲ, ಕಲಿಸುವವನ ಅನುಭವದ ಮಾತು. ಮನುಷ್ಯ ಓದಲು ಕಲಿಯುವುದು ಜೀವನದಲ್ಲಿ ಒಮ್ಮೆ. ಗೆರೆಗೂ ಧ್ವನಿಗೂ ನಂಟು ಇದೆ, ಧ್ವನಿ ಕೂಡಿದರೆ ಶಬ್ದವಾಗುತ್ತದೆ, ಶಬ್ದಕ್ಕೆ ಅರ್ಥವಿದೆ ಎಂಬ ಗುಟ್ಟು ಒಮ್ಮೆ ತಿಳಿದರೆ ಸಾಕು. ಆ ಗುಟ್ಟು ಆಡುವ ಭಾಷೆಯಲ್ಲಿ ಬೇಗ ತಿಳಿಯುತ್ತದೆ. 'ರೊಟ್ಟಿ' ಎಂದು ಕೂಡಿಸಿ ಓದಿದೊಡನೆ ಅವಳ ಮುಖ ಅರಳುತ್ತದೆ, ಏಕೆಂದರೆ ಆ ಶಬ್ದ ಅವಳ ಬಾಯಲ್ಲಿ ಮೊದಲೇ ಇತ್ತು. ತಿಳಿಯದ ಭಾಷೆಯ ಶಬ್ದವನ್ನು ಕೂಡಿಸಿ ಓದಿದರೂ ಅದು ಸರಿಯೋ ತಪ್ಪೋ ಎಂದು ಅವಳಿಗೆ ತಾನಾಗಿ ತಿಳಿಯದು, ಪ್ರತಿ ಸಲ ಕಲಿಸುವವನ ಮುಖ ನೋಡಬೇಕು.

ಇನ್ನು ಕನ್ನಡದಿಂದ ಬಾಳಬೋಧಕ್ಕೆ ದಾಟುವುದು ದೊಡ್ಡ ಹೊಳೆಯಲ್ಲ, ಸಣ್ಣ ಹಳ್ಳ. ಎರಡರ ವರ್ಣಮಾಲೆಯ ಕ್ರಮ ಒಂದೇ, ಕ ಖ ಗ ಘ. ಕಾಗುಣಿತದ ಕಲ್ಪನೆ ಒಂದೇ. ಎರಡರಲ್ಲೂ ಳ ಉಂಟು. ನಮ್ಮ ಹ್ರಸ್ವ ಎ, ಒ ಅಲ್ಲಿ ಇಲ್ಲ, ಅಂದರೆ ಕಲಿಯುವ ಹೊರೆ ಇನ್ನೂ ಕಡಿಮೆ. ನಮ್ಮ ಕನ್ನಡ ಶಾಲೆಯ ಮಕ್ಕಳು ಮರಾಠಿಯನ್ನು ಬಲುಬೇಗ ಓದುವುದನ್ನು ನಾವು ದಿನಾ ಕಾಣುತ್ತಿಲ್ಲವೇ? ತಾಯಂದಿರಿಗೂ ಅದೇ ದಾರಿ.

ಜನಗಣತಿಯ ವ್ಯಾಖ್ಯೆಯಲ್ಲಿ 'ಯಾವುದಾದರೂ ಒಂದು ಭಾಷೆ' ಎಂದಿರುವುದನ್ನು ಮೇಲೆ ಹೇಳಿದೆ. ಈಗಿನ ಯೋಜನೆಯೂ ಕಲಿಯುವವರ ಪ್ರಾದೇಶಿಕ ಭಾಷೆಯಲ್ಲಿ ಪರೀಕ್ಷೆ ಎನ್ನುತ್ತದೆ. ಕಾನೂನು ಅಡ್ಡಿಯಿಲ್ಲ. ಅಡ್ಡಿಯಿರುವುದು ನಮ್ಮ ಆಲಸ್ಯದಲ್ಲಿ. ನೋಂದಣಿಯ ದಿನ "ಅಕ್ಕಾ, ನಿಮಗ ಕನ್ನಡದಾಗ ಕಲೀಬೇಕೋ ಮರಾಠಿದಾಗೋ?" ಎಂದು ಒಂದು ಮಾತು ಕೇಳುವುದಿಲ್ಲ. ಅಭ್ಯಾಸಬಲದಿಂದ ಮರಾಠಿ ಎಂದು ಒತ್ತಿ ಮುಂದೆ ಹೋಗುತ್ತೇವೆ. ಆಮೇಲೆ ಕನ್ನಡದ ಪುಸ್ತಕ ಬರಲಿಲ್ಲ ಎಂದರೆ ಹೇಗೆ ಬಂದೀತು? ಬೇಡಿಕೆಯೇ ಹೋಗಿರುವುದಿಲ್ಲ. ಕೇಳಿದ ಮೇಲೆ ಒಬ್ಬಳು "ನನಗ ಮರಾಠಿನೇ ಬೇಕ್ರಿ" ಎಂದರೆ ಸಂತೋಷದಿಂದ ಮರಾಠಿಯಲ್ಲಿ ಕಲಿಸಿ. ಆಯ್ಕೆ ಅವಳದ್ದು. ಕೇಳುವುದು ನಮ್ಮ ಧರ್ಮ.

ಇದರಲ್ಲಿ ನಮ್ಮ ಕನ್ನಡ ಶಾಲೆಗಳ ಅಳಿವು ಉಳಿವೂ ಇದೆ. ಕನ್ನಡ ಅಕ್ಷರ ಬಲ್ಲ ತಾಯಿ ಮಗುವಿನ ಬಾಲಭಾರತಿ ಪುಸ್ತಕ ತೆರೆದು ಕೂರುತ್ತಾಳೆ. ಅಕ್ಷರವೇ ಬಾರದವಳಿಗೆ ಕನ್ನಡ ಶಾಲೆಯೂ ಇಂಗ್ಲಿಷ್ ಶಾಲೆಯೂ ಒಂದೇ, ಬಸ್ಸು ಮನೆಯ ಮುಂದೆ ಬಂದದ್ದೇ ಒಳ್ಳೆಯ ಶಾಲೆ.

ಕ್ಯಾಲೆಂಡರು ಯಾರದ್ದು?

2024ರಲ್ಲಿ ಪರೀಕ್ಷೆ ನಡೆದದ್ದು ಮಾರ್ಚ್ 17ರಂದು. ಕಬ್ಬಿನ ಸೀಜನ್ ಮುಗಿದು ಜನ ಊರಿಗೆ ಮರಳುವ ಸಮಯವೂ ಹೆಚ್ಚುಕಡಿಮೆ ಅದೇ. ಯಾರಿಗೆ ಅಕ್ಷರ ಎಲ್ಲರಿಗಿಂತ ಹೆಚ್ಚು ಬೇಕೋ ಅವರು ದೀಪಾವಳಿಯಿಂದ ಹೋಳಿಯವರೆಗೆ ಊರಿನಲ್ಲೇ ಇರುವುದಿಲ್ಲ. ನಮ್ಮ ವರ್ಗಗಳು ಮಾತ್ರ ಆ ತಿಂಗಳುಗಳಲ್ಲಿಯೇ ಭರದಿಂದ ಸಾಗುತ್ತವೆ, ಏಕೆಂದರೆ ಪರೀಕ್ಷೆ ಹತ್ತಿರ ಬಂದಿರುತ್ತದೆ!

ಈ ಪರೀಕ್ಷೆಯನ್ನು ವರ್ಷಕ್ಕೆ ಎರಡು ಬಾರಿ ನಡೆಸಲು ಯೋಜನೆಯಲ್ಲಿ ಅವಕಾಶವಿದೆ. ಬರಗಾಲದ ತಾಲೂಕುಗಳಿಗೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ವರ್ಗ, ಬಿತ್ತಿಗೆಯ ಎರಡು ಮೂರು ವಾರ ರಜೆ, ಸೆಪ್ಟೆಂಬರ್ ಕೊನೆಗೆ ಪರೀಕ್ಷೆ ಎಂದು ಗೊತ್ತುಮಾಡಿದರೆ ಕಬ್ಬಿಗೆ ಹೋಗುವ ಮೊದಲೇ ಕೈಗೆ ನೋಟುಬುಕ್ಕು ಬಂದಿರುತ್ತದೆ. ಠಾಣೆ ಜಿಲ್ಲೆಯ ಮುರಬಾಡ ತಾಲೂಕಿನ ಫಾಂಗಣೆ ಎಂಬ ಊರಿನಲ್ಲಿ 2016ರ ಮಾರ್ಚ್ 8ರಂದು ಯೋಗೇಂದ್ರ ಬಾಂಗರ ಎಂಬ ಶಿಕ್ಷಕರು 'ಆಜೀಬಾಯೀಂಚೀ ಶಾಳಾ', ಅಂದರೆ ಅಜ್ಜಿಯರ ಶಾಲೆ, ತೆರೆದರು. ಗುಲಾಬಿ ಬಣ್ಣದ ಸೀರೆಯುಟ್ಟು, ಪಾಟಿಚೀಲ ಹಿಡಿದು ಬರುವ ಆ ಅಜ್ಜಿಯರ ಚಿತ್ರಗಳನ್ನು ನೀವು ನೋಡಿರಬಹುದು. ಎಲ್ಲರೂ ಗುಲಾಬಿ ಸೀರೆ ನೋಡಿದರು, ನಾನು ನೋಡಿದ್ದು ವೇಳೆ. ಮನೆಗೆಲಸ ಮುಗಿದ ಮೇಲೆ ಮಧ್ಯಾಹ್ನದ ಎರಡು ತಾಸು. ಕಲಿಯುವವರಿಗೆ ಬಿಡುವಾದಾಗ ಶಾಲೆ, ಶಾಲೆಗೆ ಬಿಡುವಾದಾಗ ಕಲಿಯುವವರಲ್ಲ.

ಶಿಕ್ಷಕರ ಮಾತು

ನಮ್ಮವರ ಪಾಡನ್ನೂ ಹೇಳಬೇಕು. 2023ರಲ್ಲಿ ಮಹಾರಾಷ್ಟ್ರದ ಶಿಕ್ಷಕ ಸಂಘಟನೆಗಳು ನಿರಕ್ಷರರ ಸಮೀಕ್ಷೆಗೆ ಬಹಿಷ್ಕಾರ ಹಾಕಿದವು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶೈಕ್ಷಣಿಕೇತರ ಕೆಲಸ ಶಿಕ್ಷಕರಿಗೆ ಬೇಡ ಎನ್ನುತ್ತದೆ. ಇಬ್ಬರು ಶಿಕ್ಷಕರ ಶಾಲೆಯಲ್ಲಿ ಒಬ್ಬ ಯಾದಿ ಹಿಡಿದು ಊರು ತಿರುಗಿದರೆ ಅರ್ಧ ಶಾಲೆ ಬಂದ್ ಆದಂತೆ. ಆ ಸಿಟ್ಟು ನ್ಯಾಯವಾದದ್ದೇ.

ಆದರೆ ಸಮೀಕ್ಷೆ ಬೇರೆ, ಕಲಿಸುವುದು ಬೇರೆ. ಯಾದಿ ಮಾಡುವ ಕೆಲಸವನ್ನು ಗ್ರಾಮ ಪಂಚಾಯತಿಗೆ ಕೊಡಿ, ಆ್ಯಪು ತುಂಬುವ ಕೆಲಸವನ್ನು ಕಂಪ್ಯೂಟರ್ ಬಲ್ಲವರಿಗೆ ಕೊಡಿ ಎಂದು ನಾವು ಗಟ್ಟಿಯಾಗಿ ಕೇಳೋಣ. ಹೇಗೆ ಕಲಿಸಬೇಕು ಎಂದು ಊರಿನ ಸ್ವಯಂಸೇವಕರಿಗೆ ತೋರಿಸಿಕೊಡುವ ಕೆಲಸವನ್ನು ಮಾತ್ರ ನಾವು ಬಿಟ್ಟುಕೊಡಬಾರದು. ಅದು ಶೈಕ್ಷಣಿಕೇತರ ಕೆಲಸವಲ್ಲ. ಹತ್ತನೇ ಇಯತ್ತೆ ಮುಗಿಸಿ ಮನೆಯಲ್ಲಿರುವ ನಮ್ಮದೇ ಹಳೆಯ ವಿದ್ಯಾರ್ಥಿನಿಯರು ಪ್ರತಿ ಓಣಿಯಲ್ಲೂ ಇದ್ದಾರೆ. ಅವರೇ ಅತ್ಯುತ್ತಮ ಸ್ವಯಂಸೇವಕಿಯರು. ಅವರಿಗೆ ಪುಕ್ಕಟೆ ಸೇವೆಯ ಉಪದೇಶ ಸಾಲದು, ತಿಂಗಳಿಗೆ ಸ್ವಲ್ಪವಾದರೂ ಮಾನಧನ ಬೇಕು.

ಕಲಿತದ್ದು ಉಳಿಯಬೇಕಾದರೆ

ಸಾತಾರಾದ ಮೋಹೀಮಿನ ಮೇಲೆ ಬಂದ ದೊಡ್ಡ ಟೀಕೆಯೆಂದರೆ ಕಲಿತವರು ಕೆಲಕಾಲದ ಮೇಲೆ ಮರೆತರು ಎಂಬುದು. ಮರೆಯದೆ ಏನು ಮಾಡುತ್ತಾರೆ? ಓದಲು ಏನೂ ಇಲ್ಲದಿದ್ದರೆ ಓದು ಉಳಿಯುವುದಿಲ್ಲ. ಬಳಸದ ಬಾವಿ ಹೂಳು ತುಂಬುವುದು ಸಹಜ.

ಇದಕ್ಕೆ ದೊಡ್ಡ ಖರ್ಚು ಬೇಡ. ನಮ್ಮ ಶಾಲೆಗಳ ಕಪಾಟಿನಲ್ಲಿ ದೊಡ್ಡ ಅಕ್ಷರದ ಮಕ್ಕಳ ಕಥೆಪುಸ್ತಕಗಳಿವೆ. ಶನಿವಾರ ಮಗು ಒಂದು ಪುಸ್ತಕ ಮನೆಗೆ ಒಯ್ಯಲಿ, ತಾಯಿ ಮಗು ಕೂಡಿ ಓದಲಿ. ಬಚತ್ ಗಟದ ಸಭೆಯ ಠರಾವನ್ನು ಹೊಸದಾಗಿ ಕಲಿತವರೇ ಸರದಿಯಂತೆ ಬರೆಯಲಿ. ಊರಿನ ಅಂಗಡಿಯ ದರಪಟ್ಟಿ, ನೀರು ಬಿಡುವ ವೇಳೆ, ಜಾತ್ರೆಯ ಕಾರ್ಯಕ್ರಮ ಇವನ್ನು ಶಾಲೆಯ ಹೊರಗೋಡೆಯ ಹಲಗೆಯ ಮೇಲೆ ಕನ್ನಡ ಮತ್ತು ಮರಾಠಿ ಎರಡರಲ್ಲೂ ಬರೆಯೋಣ. ಓದಿದರೆ ಲಾಭವಿದೆ ಎಂದಾದರೆ ಜನ ಓದುತ್ತಾರೆ.

ಪರೀಕ್ಷೆಯಾದ ಒಂದು ವರ್ಷಕ್ಕೆ ಮತ್ತೊಮ್ಮೆ ಅವರ ಹತ್ತಿರ ಹೋಗಿ ಒಂದು ಪುಟ ಓದಿಸಿ ನೋಡುವ ಪದ್ಧತಿ ಬರಬೇಕು. ಪಾಸಾದವರ ಸಂಖ್ಯೆಯನ್ನಲ್ಲ, ವರ್ಷದ ಮೇಲೂ ಓದಬಲ್ಲವರ ಸಂಖ್ಯೆಯನ್ನು ಕೇಂದ್ರ ಪ್ರಮುಖರು ಮೇಲಕ್ಕೆ ಕಳಿಸುವಂತಾಗಲಿ. ಆ ಒಂದು ಅಂಕಣ ಫಾರ್ಮಿನಲ್ಲಿ ಬಂದ ದಿನ ಇಡೀ ಯೋಜನೆಯ ನಡೆ ಬದಲಾಗುತ್ತದೆ. ಏಕೆಂದರೆ ನಮ್ಮಲ್ಲಿ ಫಾರ್ಮಿನಲ್ಲಿ ಇದ್ದದ್ದೇ ಕೆಲಸ!

ಬಂಧುಗಳೇ, ಸಹಿ ಕಲಿಸುವುದು ಒಂದು ವಾರದ ಕೆಲಸ. ಆದರೆ ಓದಲು ಬಾರದವಳಿಗೆ ಸಹಿ ಮಾತ್ರ ಕಲಿಸುವುದು ಅಪಾಯ ಎಂದೇ ನನ್ನ ಅಭಿಪ್ರಾಯ. ಹೆಬ್ಬೆಟ್ಟು ಒತ್ತುವವಳಿಗೆ ಕಾಗದದಲ್ಲಿ ಏನಿದೆ ಎಂದು ಓದಿ ಹೇಳಬೇಕೆಂಬ ಸಂಕೋಚವಾದರೂ ಎದುರಿನವನಿಗೆ ಇರುತ್ತದೆ. ಸಹಿ ಮಾಡುವವಳಿಗೆ ಯಾರೂ ಓದಿ ಹೇಳುವುದಿಲ್ಲ, ಅವಳು ಓದಿಯೇ ಸಹಿ ಮಾಡಿದಳೆಂದು ಲೋಕ ತಿಳಿಯುತ್ತದೆ. ಮುಕಾದಮನ ಕಾಗದಕ್ಕೂ ಅಷ್ಟೆ, ಸಾಲದ ಕಾಗದಕ್ಕೂ ಅಷ್ಟೆ. ಆದ್ದರಿಂದ ಈ ಸಲ ನಿಮ್ಮ ಶಾಲೆಗೆ ಯಾದಿ ಬಂದಾಗ ಮೂರು ಕೆಲಸ ಮಾಡಿರಿ. ಕಣ್ಣು ನೋಡಿಸಿರಿ. ಯಾವ ಭಾಷೆಯಲ್ಲಿ ಕಲಿಯುತ್ತೀರಿ ಎಂದು ಕೇಳಿರಿ. ಸಹಿಯ ಮೊದಲು ಓದು ಕಲಿಸಿರಿ. ಸಂಖ್ಯೆ ಕಡಿಮೆಯಾದರೆ ಆಗಲಿ. ಹತ್ತು ಮಂದಿ ಪೂರ್ತಿ ಕಲಿತರೆ ಅದೇ ಊರಿಗೆ ದೊಡ್ಡ ಗಳಿಕೆ.

ನಿಮ್ಮ ಊರಿನ ಅನುಭವ ಏನು? ಬರೆದು ತಿಳಿಸಿರಿ.